ಇಳಿತದ ವೇಳೆ

ಹೊನ್ನಾವರವನ್ನು ನಮ್ಮಲ್ಲಿ ಬಹುಮಂದಿ ಕಂಡಿರುವುದು ಮೂರು ನಿಮಿಷ ಮಾತ್ರ. ಮಂಗಳೂರಿನ ಕಡೆಯಿಂದ ಕಾರವಾರಕ್ಕೆ ಹೋಗುವ ಬಸ್ಸು ಶರಾವತಿಯ ಸೇತುವೆಯನ್ನೇರುತ್ತದೆ. ಕಿಟಕಿಯ ಬದಿಯಲ್ಲಿ ಕುಳಿತವರು 'ಅಬ್ಬ, ಏನು ನೀರು!' ಎನ್ನುತ್ತಾರೆ, ಆ ಉದ್ಗಾರ ಮುಗಿಯುವಷ್ಟರಲ್ಲಿ ಆಚೆಯ ದಡ ಬಂದು, ಊರೂ ಬಂದು, ಹಿಂದೆ ಸರಿದುಹೋಗಿರುತ್ತದೆ. ರೈಲಿನಲ್ಲಿ ಹೋಗುವವರ ಪಾಡೂ ಇಷ್ಟೆ. ಕೊಂಕಣ ರೈಲ್ವೆಯ ಸೇತುವೆಗಳಲ್ಲೆಲ್ಲ ಉದ್ದವಾದುದು ಇಲ್ಲಿಯದು, ಎರಡು ಕಿಲೋಮೀಟರಿಗೂ ಮಿಗಿಲು. ಆದರೆ ರೈಲಿಗೆ ಅದೇನು ಲೆಕ್ಕ? ನಾನೂ ಹತ್ತಾರು ಸಲ ಹೀಗೆಯೇ ಆ ಊರನ್ನು ದಾಟಿದವನು. ಕಳೆದ ಡಿಸೆಂಬರಿನ ಒಂದು ಭಾನುವಾರ ಮಾತ್ರ ಅಲ್ಲಿ ಏಳು ಗಂಟೆಗಳ ಕಾಲ ಸುಮ್ಮನೆ ಇರಬೇಕಾಗಿ ಬಂದಿತು. ಅದು ನನ್ನ ಇಚ್ಛೆಯಿಂದಲ್ಲ, ಚಂದ್ರನ ಇಚ್ಛೆಯಿಂದ.

ನನ್ನ ಸಹೋದ್ಯೋಗಿ ಮಿತ್ರರೊಬ್ಬರ ಮೂಲಮನೆ ಗೇರುಸೊಪ್ಪೆಗೆ ಸ್ವಲ್ಪ ಕೆಳಗೆ, ಹೊಳೆಯ ದಡದಲ್ಲಿದೆ. ರಜೆಯಲ್ಲಿ ಸಂಸಾರ ಸಮೇತ ಬರಬೇಕೆಂದು ಅವರು ಮೂರು ವರ್ಷಗಳಿಂದ ಕರೆಯುತ್ತಿದ್ದರು. ಕೊನೆಗೂ ಹೋದೆವು. ಶನಿವಾರ ನಗರಬಸ್ತಿಕೇರಿಯ ಚತುರ್ಮುಖ ಬಸದಿಯನ್ನು ನೋಡಿದ್ದಾಯಿತು. ಭಾನುವಾರ ದೋಣಿಯಲ್ಲಿ ಹೊಳೆಯಿಳಿದು ಅಳಿವೆಯವರೆಗೆ ಹೋಗಿ, ಅದೇ ದಿನ ಮರಳುವುದೆಂದು ಗೊತ್ತಾಯಿತು. ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ಮಿತ್ರರು, ಎಂಬತ್ತು ದಾಟಿದರೂ ಊರುಗೋಲನ್ನು ಹಿಡಿಯದ ಅವರ ದೊಡ್ಡಪ್ಪ: ಇಷ್ಟು ಜನ. ದೋಣಿಗೆ ಎಂಜಿನ್ ಇತ್ತು. ದೋಣಿಯವನು ಐವತ್ತರ ಆಸುಪಾಸಿನ, ಮಿತಭಾಷಿಯಾದ ಮನುಷ್ಯ. ಹೋಗಿಬರುವ ಬಾಡಿಗೆ ಎರಡು ಸಾವಿರದ ಐನೂರು ರೂಪಾಯಿ ಎಂದು ಮಿತ್ರರು ಮೊದಲೇ ಮಾತಾಡಿದ್ದರು.

ಅವನು ನಮ್ಮನ್ನು ಬೆಳಗಿನ ಜಾವ ಐದೂವರೆಗೆ ದೋಣಿಯೇರಿಸಿದ. ಅಷ್ಟು ಬೇಗ ಏಕೆಂದು ಕೇಳಿದಾಗ, 'ನೀರು ಇಳೀಲಿಕ್ಕೆ ಸುರು ಆಗದೆ ಮಾಸ್ತರೆ, ಅದರ ಸಂಗ್ತಿಗೇ ಹೋಗ್ವ' ಎಂದಷ್ಟೇ ಹೇಳಿದ. ಮಂಜಿನಲ್ಲಿ ಎರಡು ದಡಗಳ ಅಡಿಕೆ ತೋಟಗಳು, ತೆಂಗು, ಅಲ್ಲಲ್ಲಿ ಬಟ್ಟೆ ಒಗೆಯುವ ಕಲ್ಲು, ಮನೆಯಿಂದ ಹೊಳೆಗಿಳಿದ ಮೆಟ್ಟಿಲು. ಹೊಳೆ ಅಗಲವಾಗುತ್ತ ಹೋಯಿತು. ಮಾವಿನಕುರ್ವೆಯಂಥ ನಡುಗಡ್ಡೆಗಳು ಬಂದವು, ಕಾಂಡ್ಲಾ ಗಿಡಗಳ ಪೊದೆಗಳು ಬಂದವು. ಎಂಟೂವರೆಯ ಸುಮಾರಿಗೆ ರೈಲಿನ ಸೇತುವೆಯ ಕೆಳಗೆ, ಅನಂತರ ರಸ್ತೆಯ ಸೇತುವೆಯ ಕೆಳಗೆ ನುಸುಳಿ ಬಂದರಿನ ಧಕ್ಕೆಗೆ ಹತ್ತಿದೆವು. ಮೇಲೆ ಬಸ್ಸೊಂದು ಹೋಗುತ್ತಿತ್ತು. ಅದರ ಕಿಟಕಿಯಿಂದ ಯಾರೋ 'ಅಬ್ಬ, ಏನು ನೀರು' ಎಂದಿರಬೇಕು.

ಮಗಳಿಗೆ ನೋಡಬೇಕಾಗಿದ್ದುದು ಬಸವರಾಜದುರ್ಗ. ಅಳಿವೆಯಾಚೆ ಸಮುದ್ರದಲ್ಲಿ, ಚಪ್ಪಟೆ ತಲೆಯ, ಕೆಳದಿಯ ಅರಸರ ಕಾಲದ ಕೋಟೆಯುಳ್ಳ ಆ ನಡುಗಡ್ಡೆಯ ಕಥೆಯನ್ನು ಹಿಂದಿನ ರಾತ್ರಿ ದೊಡ್ಡಪ್ಪ ಅವಳಿಗೆ ಹೇಳಿಬಿಟ್ಟಿದ್ದರು. ದೋಣಿಯವನು ಕೈಯೆತ್ತಿ ಅಳಿವೆಯ ಬಾಯಿಯನ್ನು ತೋರಿಸಿದ. ಬಿಳಿಯ ನೊರೆಯ ಗೆರೆಯೊಂದು ಅಡ್ಡಲಾಗಿ ಏಳುತ್ತಿತ್ತು, ಬೀಳುತ್ತಿತ್ತು. ಇಳಿತದ ವೇಳೆಯಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ನುಗ್ಗುತ್ತದೆ. ಎರಡೂ ಒಂದನ್ನೊಂದು ಎದುರಿಸುವುದು ಮರಳಿನ ದಿಬ್ಬದ ಮೇಲೆ, ಆಳವಿಲ್ಲದ ಜಾಗದಲ್ಲಿ. ಅಲ್ಲಿ ಅಲೆ ಎದ್ದು ಮುರಿಯುತ್ತದೆ. ಹೊನ್ನಾವರದ ಅಳಿವೆಯಲ್ಲಿ ಹೂಳು ತುಂಬಿ ಮೀನುಗಾರಿಕೆಯ ಬೋಟುಗಳು ಮಗುಚಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೆ. ಓದುವಾಗ ಅದು ಸಣ್ಣ ಅಕ್ಷರದ ಸುದ್ದಿಯಾಗಿತ್ತು. 'ಆಗೂದಿಲ್ಲ ತಂಗಿ, ಇವತ್ತು ಅಲ್ಲಿ ಹೋಗೂದಿಲ್ಲ' ಎಂದು ಅವನು ಮಗಳಿಗೆ ಹೇಳಿದ ರೀತಿಯಲ್ಲಿ ವಾದಕ್ಕೆ ಎಡೆಯಿರಲಿಲ್ಲ.

'ಹಾಗಾದರೆ ಈಗಲೇ ಹಿಂದಿರುಗೋಣವೇ?' ಎಂದೆ.

ಅದೂ ಆಗದು. ಹತ್ತು ಗಂಟೆಗೆ ನೀರು ಪೂರ್ತಿ ಇಳಿಯುತ್ತದೆ. ಆಮೇಲೆ ಆರು ಗಂಟೆ ಏರಿ ನಾಲ್ಕಕ್ಕೆ ಉಬ್ಬರ. ಮೇಲ್ಗಡೆ ಹೊಳೆಯಲ್ಲಿ ಎರಡು ಮೂರು ಕಡೆ ಮರಳಿನ ದಿಬ್ಬಗಳಿವೆ. ಅವುಗಳನ್ನು ದಾಟಬೇಕಾದರೆ ಏರುವ ನೀರಿನ ಬೆನ್ನ ಮೇಲೆ ಹೋಗಬೇಕು. 'ಮೂರು ಗಂಟೆಗೆ ಬನ್ನಿ. ಮೂರಕ್ಕೆ ಅಂದ್ರೆ ಮೂರಕ್ಕೆ' ಎಂದು ಹೇಳಿ ಅವನು ದೋಣಿಯನ್ನು ಕಟ್ಟಿದ.

ಹೀಗೆ ನಮಗೊಂದು ದಿನ ಬಿಟ್ಟಿಯಾಗಿ ದೊರೆಯಿತು. ಬಿಟ್ಟಿ ಎಂದೇ ನಾನು ಆಗ ತಿಳಿದದ್ದು.

ಕೆಲಸವಿಲ್ಲದೆ ಒಂದು ಬಂದರಿನಲ್ಲಿ ನಿಲ್ಲುವುದು ಸುಖದ ಅನುಭವ. ಧಕ್ಕೆಯಲ್ಲಿ ಮೀನಿನ ಹರಾಜು ನಡೆದಿತ್ತು. ಬಂಗಡೆ, ತಾರಲೆ, ಸಿಗಡಿಯ ಬುಟ್ಟಿಗಳ ಸುತ್ತ ನಿಂತ ಹೆಂಗಸರು ಹರಾಜು ಕೂಗುವವನ ಬಾಯಿಯನ್ನಲ್ಲ, ಅವನ ಕಣ್ಣನ್ನು ನೋಡುತ್ತಿದ್ದರು. ಎದುರಿಗೆ ಅಳಿವೆಯ ದಕ್ಷಿಣದ ದಡ, ಕಾಸರಕೋಡಿನ ಟೊಂಕ. ಅಲ್ಲಿಯ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ, ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಅದೇ ಮರಳಿನ ಮೇಲೆ ಖಾಸಗಿ ಬಂದರೊಂದನ್ನು ಕಟ್ಟುವ ಯೋಜನೆಯ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ದೊಡ್ಡಪ್ಪ ಅತ್ತ ನೋಡಿ, 'ನಾನು ಹುಡುಗನಾಗಿದ್ದಾಗ ಸೇತುವೆ ಇರಲಿಲ್ಲ. ಬಸ್ಸು ಆ ದಡದಲ್ಲೇ ನಿಲ್ಲುತ್ತಿತ್ತು. ತಾರಿಯಲ್ಲಿ ದಾಟಬೇಕು. ದಾಟಿದ ಮೇಲೆ ಇನ್ನೊಂದು ಬಸ್ಸು. ತಾರಿ ಆ ಕಡೆಗಿದ್ದರೆ ಈ ಕಡೆ ಗಂಟೆಗಟ್ಟಲೆ ಕಾಯಬೇಕು. ಅದಕ್ಕೇ ಈ ಊರಿನ ಚಹಾದಂಗಡಿಗಳು ಬದುಕಿದ್ದವು' ಎಂದರು. ಅಂಥದೊಂದು ಅಂಗಡಿಯನ್ನೇ ಹುಡುಕಿ ಬನ್ಸ್-ಭಾಜಿ ತಿಂದು, ಚಹಾ ಕುಡಿದು, ನಾವೂ ಕಾಯುವವರ ಪರಂಪರೆಗೆ ಸೇರಿದೆವು.

ಆ ಪರಂಪರೆಯಲ್ಲಿ ದೊಡ್ಡ ಹೆಸರುಗಳಿವೆ. 1342ರಲ್ಲಿ ದಿಲ್ಲಿಯಿಂದ ಚೀನಕ್ಕೆ ರಾಯಭಾರಿಯಾಗಿ ಹೊರಟ ಮೊರೊಕ್ಕೋ ದೇಶದ ಇಬ್ನ್ ಬತೂತ ಈ ಕರಾವಳಿಯಲ್ಲಿ ಹಡಗಿನಿಂದ ಇಳಿದು ಹೊನ್ನಾವರದಲ್ಲಿ ತಂಗಿದ್ದ. ಅವನ ಬರವಣಿಗೆಯಲ್ಲಿ ಇದು 'ಹಿನಾವ್ರ್'. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅವನು ಬರೆದಿದ್ದಾನೆ. ಇದನ್ನು ಮಗಳಿಗೆ ಹೇಳಿದೆ. 'ಹೆಣ್ಣುಮಕ್ಕಳಿಗೆ ಹತ್ತು ಏಕೆ ಕಡಿಮೆ?' ಎಂದು ಅವಳು ಕೇಳಿದಳು. ಸುಮಾರು ಏಳುನೂರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾವ ಚರಿತ್ರಕಾರನೂ ಕೇಳಿರಲಾರ.

ಮಧ್ಯಾಹ್ನದ ಊಟಕ್ಕೆ ಪೇಟೆಯ ಸಣ್ಣ ಹೋಟೆಲೊಂದರಲ್ಲಿ ಬಾಳೆಯೆಲೆಯ ಮುಂದೆ ಕುಳಿತಾಗ ನನಗೆ ಮತ್ತೆ ಅದೇ ಪ್ರವಾಸಿಯ ನೆನಪಾಯಿತು. ಹೊನ್ನಾವರದ ಸುಲ್ತಾನನಾದ ಜಮಾಲುದ್ದೀನನ ಮನೆಯ ಊಟವನ್ನು ಅವನು ಒಂದೂ ಬಿಡದೆ ವರ್ಣಿಸಿದ್ದಾನೆ. ಮೊದಲು ದೊಡ್ಡ ಸೌಟಿನಲ್ಲಿ ಅನ್ನ. ಅದರ ಮೇಲೆ ತುಪ್ಪ. ಬದಿಯಲ್ಲಿ ಉಪ್ಪಿನಲ್ಲಿಟ್ಟ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಆಮೇಲೆ ಕೋಳಿ, ಮೀನು ಇತ್ಯಾದಿ, ಪ್ರತಿಯೊಂದಕ್ಕೂ ಮತ್ತೆ ಅನ್ನ. ಕಡೆಯಲ್ಲಿ ಮೊಸರು. ಮೊಸರು ಬಂದಿತೆಂದರೆ ಊಟ ಮುಗಿಯಿತೆಂದು ಅರ್ಥ. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಕೆಡುಕೆಂದು ಅವರ ನಂಬಿಕೆ. ಈ ಅರಸನ ಬಳಿ ಇನ್ನೊಂದು ಸಲ ಹನ್ನೊಂದು ತಿಂಗಳು ಇದ್ದೆ, ಅಷ್ಟೂ ಕಾಲ ರೊಟ್ಟಿಯ ಮುಖ ಕಾಣಲಿಲ್ಲ ಎಂದು ಪಾಪ, ಅವನು ಹೇಳಿಕೊಂಡಿದ್ದಾನೆ.

ನಮ್ಮ ಎಲೆಗೆ ಕೋಳಿ ಮೀನುಗಳು ಬರಲಿಲ್ಲ, ನಾವು ಹೊಕ್ಕ ಹೋಟೆಲು ಅಂಥದಲ್ಲ. ಆದರೆ ಅನ್ನ ಬಂದಿತು, ತುಪ್ಪ ಬಂದಿತು, ಅಪ್ಪೆಮಿಡಿಯ ಉಪ್ಪಿನಕಾಯಿ ಬಂದಿತು, ಸಾರಿಗೊಮ್ಮೆ ಹುಳಿಗೊಮ್ಮೆ ಮತ್ತೆ ಅನ್ನ ಬಂದಿತು. ಮೊಸರು ಬಂದಾಗ ನಾವು ಕೇಳದೆಯೇ ಬಡಿಸುವವನು ನಮ್ಮ ಪಂಕ್ತಿಯನ್ನು ಬಿಟ್ಟು ಮುಂದಿನ ಪಂಕ್ತಿಗೆ ಹೊರಟುಹೋದ. ಲೋಟದಲ್ಲಿದ್ದುದು ಬಿಸಿನೀರು. ಸುಲ್ತಾನನ ಅರಮನೆ ಎಲ್ಲಿತ್ತೆಂದು ತೋರಿಸುವವರಿಲ್ಲ. ಅವನ ಊಟದ ಕ್ರಮ ಮಾತ್ರ ಮಧ್ಯಾಹ್ನ ಹನ್ನೆರಡೂವರೆಗೆ ಪೇಟೆಯಲ್ಲಿ ಸಿಕ್ಕುತ್ತದೆ.

ಊಟದ ಮಂಪರಿನಲ್ಲಿ ಮಾತು ಬಂದರುಗಳ ಕಡೆಗೆ ತಿರುಗಿತು. ಈ ಕರಾವಳಿಯ ಮೂರು ಬಂದರುಗಳು ಮೂರು ಬಗೆಯಾಗಿ ಬಡವಾದವೆಂಬುದು ದೊಡ್ಡಪ್ಪನ ಸಿದ್ಧಾಂತ. ದಕ್ಷಿಣದ ಭಟ್ಕಳ ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಬಂದಿಳಿದ ಬಂದರು. 1637ರಲ್ಲಿ ಇಂಗ್ಲಿಷರ ಹಡಗುಗಳು ಅಲ್ಲಿಗೆ ಬಂದು, ಪೀಟರ್ ಮಂಡಿ ಎಂಬ ವರ್ತಕ ಅಲ್ಲಿಂದ ಇಕ್ಕೇರಿಯ ಅರಸನ ಬಳಿಗೆ ಹೋಗಿಬಂದ. ಆಗ ಮೆಣಸಿಗಾಗಿ ಬಂದು ಅಲ್ಲಿಯೇ ತೀರಿಕೊಂಡ ಕೆಲವರ ಗೋರಿಗಳು ಮಾತ್ರ ಉಳಿದವು. ಉತ್ತರದ ಕುಮಟೆ ಹತ್ತಿಯ ಬಂದರು. ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಬಂದು ಅಲ್ಲಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ, ಬೆಳೆದ ಊರಿನ ಹೆಸರು ಮರೆತು ಆ ಹತ್ತಿಯ ಜಾತಿಗೇ 'ಕುಮಟಾ' ಎಂಬ ಹೆಸರು ನಿಂತಿತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಕುಮಟೆಯ ವರ್ತಕರಿಗೆ ಸುಗ್ಗಿ. ಆಮೇಲೆ ರೈಲು ಬಂದು ಹತ್ತಿಯನ್ನು ಬೇರೆ ದಿಕ್ಕಿಗೆ ಎಳೆದುಕೊಂಡು ಹೋಯಿತು. 'ಹೊನ್ನಾವರಕ್ಕೆ ಬಂದದ್ದು ಮಾತ್ರ ಹೂಳು' ಎಂದು ದೊಡ್ಡಪ್ಪ ಮುಗಿಸಿದರು. ಚರಿತ್ರೆ ಇಷ್ಟು ಸರಳವಾಗಿರಲಾರದೆಂದು ನನಗನ್ನಿಸಿದರೂ, ಉಂಡ ಬಾಯಲ್ಲಿ ವಾದ ಬೇಡವೆಂದು ಸುಮ್ಮನಾದೆ.

ಆಗ ಗಂಟೆ ಒಂದೂವರೆ. ಧಕ್ಕೆಗೆ ಮರಳಿ ನೆರಳಿನಲ್ಲಿ ಕುಳಿತಿದ್ದರೆ ಈ ಲೇಖನದ ಕೊನೆ ಬೇರೆಯಾಗುತ್ತಿತ್ತು. ರಾಮತೀರ್ಥವನ್ನು ನೋಡಿಯೇ ಬರೋಣವೆಂದವನು ನಾನು. ಕಾರಣ, ಪೀಟ್ರೊ ದೆಲ್ಲಾ ವಾಲೆ. ಈ ಇಟಲಿಯವನು 1623ರ ಅಕ್ಟೋಬರಿನಲ್ಲಿ, ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಕಳುಹಿಸಿದ ರಾಯಭಾರದ ಜೊತೆಯಲ್ಲಿ ಸಮುದ್ರದ ಮೂಲಕ ಹೊನ್ನಾವರಕ್ಕೆ ಬಂದಿಳಿದ. ಮುಂದಿನ ದಾರಿ ಸಿದ್ಧವಾಗಲು ಹಲವು ದಿನ ಇಲ್ಲಿ ಕಾಯಬೇಕಾಯಿತು. ಕಾದ ದಿನಗಳಲ್ಲಿ ಅವನು ಸುತ್ತಾಡಿದ, ಕೇಳಿದ, ಬರೆದಿಟ್ಟ. ರಾಮತೀರ್ಥಕ್ಕೂ ಹೋಗಿದ್ದ. ಅವಸರದಲ್ಲಿದ್ದಿದ್ದರೆ ಅವನ ಪತ್ರಗಳಲ್ಲಿ ಹೊನ್ನಾವರ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು.

ರಾಮತೀರ್ಥದಲ್ಲಿ ಗುಡ್ಡದ ನೀರು ಇಂದಿಗೂ ಧಾರೆಯಾಗಿ ಬೀಳುತ್ತದೆ. ಮಗಳು ಧಾರೆಯ ಕೆಳಗೆ ಕೈಯೊಡ್ಡಿ ನಿಂತವಳು ಕದಲಲಿಲ್ಲ. ನಾನು ಕಲ್ಲಿನ ಮೇಲೆ ಕುಳಿತು ಮಿತ್ರರಿಗೆ ಉಪನ್ಯಾಸ ಕೊಡತೊಡಗಿದೆ. ಇದು ವೃತ್ತಿಯಿಂದ ಬಂದ ರೋಗ. ವಿಷಯ: ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಸುಮಾರು ಅರ್ಧ ಶತಮಾನ ಈ ಹೊಳೆಯನ್ನೂ ಇದರ ಮೆಣಸನ್ನೂ ಆಳಿದವಳು. ಪೋರ್ಚುಗೀಸರೇ ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು. 1606ರ ಹೊತ್ತಿಗೆ ಅವಳ ರಾಜ್ಯ ಇಕ್ಕೇರಿಯವರ ಪಾಲಾಯಿತು. ದೆಲ್ಲಾ ವಾಲೆ ಬಂದುದು ಅದಾಗಿ ಹದಿನೇಳು ವರ್ಷಕ್ಕೆ. ಅಷ್ಟರಲ್ಲಿ ಅವನ ಕಿವಿಗೆ ಬಿದ್ದ ಕಥೆಯೇನು? ಹೀನಕುಲದ ಪರಸ್ಥಳದವನೊಬ್ಬನಿಗೆ ಮನಸೋತು ರಾಜ್ಯ ಕಳೆದುಕೊಂಡಳೆಂಬ ಕಥೆ! ಮೆಣಸಿನ ಬೆಲೆ ಕಟ್ಟುತ್ತ ಪೋರ್ಚುಗೀಸರನ್ನು ಎದುರು ಕೂರಿಸಿಕೊಂಡಿದ್ದ ಹೆಣ್ಣನ್ನು ಹದಿನೇಳು ವರ್ಷಗಳಲ್ಲಿ ಬಂದರಿನ ಹರಟೆ ಹೀಗೆ ಮಾಡಿಬಿಟ್ಟಿತು. ಗೆದ್ದವರ ರಾಯಭಾರದ ಹಾದಿಯಲ್ಲಿ ಸೋತವಳ ಬಗ್ಗೆ ಇನ್ನೇನು ಕೇಳಿಬಂದೀತು, ಎಂದು ನಾನು ಭಾವಾವೇಶದಿಂದ ಹೇಳುತ್ತಿರುವಾಗ ನನ್ನ ಹೆಂಡತಿ ಕೈಗಡಿಯಾರ ನೋಡಿ, 'ಮೂರೂ ಕಾಲು' ಎಂದಳು.

ನಾವು ಧಕ್ಕೆ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷ.

ದೋಣಿಯವನು ಏನೂ ಅನ್ನಲಿಲ್ಲ. ಅವನ ಕೈಯಲ್ಲಿ ಫೋನಿತ್ತು. 'ಇಲ್ಲ, ಇವತ್ತು ಇಲ್ಲ. ಪಾರ್ಟಿ ಅದೆ, ಮೇಲೆ ಹೋಗ್ಬೇಕು' ಎಂದು ಯಾರಿಗೋ ಹೇಳುತ್ತಿದ್ದ. ದೋಣಿ ಹೊರಟ ಮೇಲೆ ಮತ್ತೆರಡು ಸಲ ಅದೇ ಉತ್ತರ ಕೊಟ್ಟ. ಯಾರೆಂದು ನನ್ನ ಹೆಂಡತಿ ಕೇಳಿದಳು. ಭಾನುವಾರ ಸಂಜೆ, ಅದರಲ್ಲೂ ಉಬ್ಬರದ ಹೊತ್ತು, ಕಾಂಡ್ಲಾ ಕಾಡು ನೋಡುವ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುತ್ತಾರೆ. ಅರ್ಧ ಗಂಟೆಗೊಂದು ಸುತ್ತು. ವಾರದ ಸಂಪಾದನೆಯ ಬಹುಪಾಲು ಆ ಮೂರು ಗಂಟೆಗಳದು. ಹೆಂಡತಿ ನನ್ನ ಕಡೆ ನೋಡಿದಳು. ಮಿತ್ರರು ತಗ್ಗಿದ ದನಿಯಲ್ಲಿ, 'ಮಾತಾಡಿದ ಬಾಡಿಗೆಯಲ್ಲಿ ಎಲ್ಲವೂ ಸೇರಿದೆ' ಎಂದರು. ನಮ್ಮ ಬಿಟ್ಟಿ ದಿನದ ಬೆಲೆ ಎಷ್ಟೆಂದು ನಾನು ಮನಸ್ಸಿನಲ್ಲಿಯೇ ಗುಣಿಸತೊಡಗಿದೆ.

ಮಾತು ಬದಲಿಸಲೆಂದು, ಈ ಹೊಳೆಯಲ್ಲಿ ಈಗ ಏನು ಸಿಕ್ಕುತ್ತದೆ ಎಂದು ಅವನನ್ನು ಕೇಳಿದೆ. ಆ ದಿನ ಅವನು ಅತಿ ಹೆಚ್ಚು ಮಾತಾಡಿದ್ದು ಆಗಲೇ. ಮೊದಲು ಅಳಿವೆಯಿಂದ ಇಷ್ಟು ಮೇಲಿನವರೆಗೂ ಉಪ್ಪುನೀರು ಬರುತ್ತಿತ್ತು, ಅವನ ಅಜ್ಜಿ ಇಳಿತದ ವೇಳೆಯಲ್ಲಿ ಹೊಳೆಗಿಳಿದು ಬುಟ್ಟಿ ತುಂಬ ಬಳಚು ಹೆಕ್ಕುತ್ತಿದ್ದಳು. 'ಈಗ ನೀರಲ್ಲಿ ಉಪ್ಪೇ ಇಲ್ಲ ಮಾಸ್ತರೆ. ಬಳಚು ತಿನ್ಬೇಕಂದ್ರೆ ಅಘನಾಶಿನಿಯಿಂದ ಬರ್ಬೇಕು.' ಇದು ಮುದುಕರ ಹಲುಬಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಋತುವನ್ನು ಬಿಟ್ಟು ಯಂತ್ರವನ್ನು ಅನುಸರಿಸತೊಡಗಿತು. ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟಿನ ಕೊನೆಯ ವಿದ್ಯುದಾಗಾರವೂ ಆದಮೇಲೆ ಬೇಸಗೆಯಲ್ಲೂ ಸಿಹಿನೀರು ಅಳಿವೆಗೆ ಇಳಿಯುತ್ತದೆ. ಉಪ್ಪು ಕಡಿಮೆಯಾದ ನೀರಿನಲ್ಲಿ ಚಿಪ್ಪುಜೀವಿಗಳು ನಿಲ್ಲವು, ಮೀನಿನ ಜಾತಿಗಳೂ ಕಡಿಮೆಯಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನು ಅಣೆಕಟ್ಟಿಲ್ಲದ ಕುಮಟೆಯ ಅಘನಾಶಿನಿಯೊಡನೆ ಹೋಲಿಸಿ ತೋರಿಸಿದ್ದಾರೆ. ಅಲ್ಲಿ ಇಂದಿಗೂ ಸಾವಿರಾರು ಕುಟುಂಬಗಳಿಗೆ ಆ ಕೆಸರಿನ ಚಿಪ್ಪೇ ಅನ್ನ.

'ಹಾಗಾದರೆ ನೀವು ದೋಣಿ ಬಿಡುವಾಗ ಎರಡು ಪಂಚಾಂಗ ನೋಡಬೇಕು' ಎಂದೆ.

'ಹೌದ್ರಾ. ಚಂದ್ರಂದು ಒಂದು, ಪವರ್ ಹೌಸಿಂದು ಒಂದು. ಚಂದ್ರ ಹೇಳಿ ಬತ್ತ.'

ಐದೂಕಾಲರ ಸುಮಾರಿಗೆ ದೋಣಿಯ ತಳ ಮರಳಿಗೆ ಉಜ್ಜಿತು. ಎಂಜಿನ್ ನಿಂತಿತು. ಅವನು ಗಳು ಹಾಕಿ ನೂಕಿದ, ನಮ್ಮನ್ನೆಲ್ಲ ಒಂದು ಬದಿಗೆ ಕೂರಿಸಿ ನೂಕಿದ, ನೀರಿಗಿಳಿದು ನೂಕಿದ. ಮಿತ್ರರೂ ನಾನೂ ಪಂಚೆ ಪ್ಯಾಂಟುಗಳನ್ನು ಮೊಣಕಾಲಿನ ಮೇಲೆ ಮಡಿಸಿ ಇಳಿದೆವು. ಇಳಿದುದರಿಂದ ಪ್ರಯೋಜನವಾಯಿತೆಂದು ಹೇಳಲಾರೆ. ಉಬ್ಬರ ಕಳೆದು ಗಂಟೆಯ ಮೇಲಾಗಿತ್ತು. ನೀರು ನಮ್ಮ ಕಣಕಾಲನ್ನು ಬಿಟ್ಟು ಇಳಿಯುತ್ತಿರುವುದು ಚೆನ್ನಾಗಿಯೇ ತಿಳಿಯುತ್ತಿತ್ತು. ಮೂರಕ್ಕೆ ಅಂದ್ರೆ ಮೂರಕ್ಕೆ ಎಂದು ಅವನು ಹೇಳಿದ್ದನಷ್ಟೆ? ಆ ಮಾತನ್ನು ಅವನು ನೆನಪಿಸಲಿಲ್ಲ. ನೆನಪಿಸಿದ್ದರೆ ನನಗೆ ಹಗುರಾಗುತ್ತಿತ್ತು.

'ಇನ್ನು ಮುಂದಿನ ಉಬ್ಬರಕ್ಕೆ ಬೆಳಗಿನ ಜಾವವೇ?' ಎಂದು ನನ್ನ ಹೆಂಡತಿ ಕೇಳಿದಳು.

'ಅಷ್ಟೆಲ್ಲ ಬ್ಯಾಡ ಅಕ್ಕ. ದೀಪ ಹಚ್ಚೂ ಹೊತ್ತಾಗ್ಲಿ' ಎಂದು ಅವನು ಬೀಡಿ ಹೊತ್ತಿಸಿ ದೋಣಿಯ ಮೂಗಿನ ಮೇಲೆ ಕುಳಿತ.

ಹೊತ್ತು ಮುಳುಗಿತು. ದಡದ ಮನೆಯೊಂದರಲ್ಲಿ ಭಜನೆ ಸುರುವಾಯಿತು. ಮಗಳು ದೊಡ್ಡಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ ಜನ ಮನೆಗೆ ಬಂದು ಒಂದೊಂದಾಗಿ ಗುಂಡಿ ಒತ್ತುತ್ತಿದ್ದಿರಬೇಕು: ದೀಪ, ಪಂಪು, ಟೀವಿ. ಆರೂಮುಕ್ಕಾಲಕ್ಕೆ ದೋಣಿಯ ಪಕ್ಕದಲ್ಲಿ ನೀರಿನ ದನಿ ಬದಲಾಯಿತು. ನಾನು ಗಮನಿಸುವ ಮೊದಲೇ ಅವನು ಬೀಡಿ ಎಸೆದು ಎದ್ದಿದ್ದ. ಕತ್ತಲಲ್ಲಿ ಒಣಗಿದ್ದ ಮರಳಿನ ನಾಲಗೆ ಸಣ್ಣದಾಗುತ್ತ ಹೋಯಿತು. ತಳ ಒಮ್ಮೆ ಕರಕರ ಎಂದಿತು, ಇನ್ನೊಮ್ಮೆ ಎಂದಿತು, ಅನಂತರ ಏನೂ ಅನ್ನಲಿಲ್ಲ. ದೋಣಿ ತೇಲುತ್ತಿತ್ತು.

'ಬಂತು, ನಿಮ್ಮ ಬೆಂಗ್ಳೂರಿನ ನೀರು' ಎಂದು ಅವನು ಎಂಜಿನಿನ ಹಗ್ಗ ಎಳೆದ.

ಮನೆಯ ಮೆಟ್ಟಿಲಿಗೆ ದೋಣಿ ತಾಗಿದಾಗ ಎಂಟು ಗಂಟೆ. ಬಾಡಿಗೆಯ ಮೇಲೆ ಸಾವಿರ ರೂಪಾಯಿ ಸೇರಿಸಿ ಅವನ ಕೈಗಿಟ್ಟೆ. ಮಿತ್ರರು ಏನೋ ಹೇಳಹೊರಟವರು ನನ್ನ ಹೆಂಡತಿಯ ಮುಖ ನೋಡಿ ಸುಮ್ಮನಾದರು. ಅವನು ಲಾಟೀನಿನ ಬೆಳಕಿಗೆ ಹಿಡಿದು ಎಣಿಸಿ, ಇನ್ನೊಮ್ಮೆ ಎಣಿಸಿ, ಸಂಕೋಚವನ್ನಾಗಲಿ ಸಂತೋಷವನ್ನಾಗಲಿ ತೋರದೆ ಜೇಬಿಗೆ ಹಾಕಿಕೊಂಡ. ಬಸವರಾಜದುರ್ಗ ನೋಡಬೇಕಾದರೆ ಮುಂದಿನ ಸಲ ತಿಥಿ ಕೇಳಿಕೊಂಡು ಬನ್ನಿ ಎಂದು ಹೇಳಿ, ನಿದ್ದೆಯಲ್ಲಿದ್ದ ಮಗಳನ್ನು ಎತ್ತಿ ಮೇಲಿನ ಮೆಟ್ಟಿಲಿನವರೆಗೂ ತಂದುಕೊಟ್ಟು, ನೀರು ಇರುವಾಗಲೇ ಮನೆ ಸೇರಬೇಕೆಂದು ಬೇಗಬೇಗ ಕೆಳಗಿಳಿದುಹೋದ.